ಉಮಾಮಹೇಶ್ವರ ಮಾಮನ ನಿಂಬೆಹಣ್ಣು

ನಮ್ಮ ಉಮಾಮಹೇಶ್ವರ ಮಾಮ ಮಾಟಗಾರನೆಂದು ಶಿವಮೊಗ್ಗದ ವಿನೋಬನಗರದ ನಮ್ಮ ಅಡ್ಡರಸ್ತೆ ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ, ಕಸದ ಗಾಡಿ ಬಂದು ನಿಂತಾಗ. ಅದಕ್ಕೂ ಮೊದಲಿನ ನಲವತ್ತೇಳು ವರ್ಷ ಅವನನ್ನು ಯಾರೂ ಏನೂ ಎಂದು ತೀರ್ಮಾನಿಸಿರಲಿಲ್ಲ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಹುಡುಗರು ಬಳಸಿದ ಗಾಜಿನ ನಳಿಗೆಗಳನ್ನು ತೊಳೆದು ಬೋರಲು ಹಾಕುವುದು ಕೆಲಸ. ಮದುವೆಯಾಗಿಲ್ಲ. ಯಾರಾದರೂ ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸಿ ಹೇಳುವ ಮನುಷ್ಯ. ನಮ್ಮಮ್ಮನ ತಮ್ಮ, ಅವನೂ ಅವರಿಬ್ಬರ ತಾಯಿ ಕಾಳಮ್ಮಜ್ಜಿಯೂ ಇರುವುದು ನಮ್ಮ ಮನೆಯಲ್ಲೇ.

ಆ ಸೋಮವಾರ, ನಮ್ಮ ರಸ್ತೆ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ, ಲೈಟು ಕಂಬದ ಬುಡದಲ್ಲಿ ಒಂದು ಪೇಪರ್ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು. ಒಳಗೆ ಹನ್ನೊಂದು ನಿಂಬೆಹಣ್ಣು. ಪ್ರತಿ ಹಣ್ಣಿನ ತೊಟ್ಟಿನ ಹತ್ತಿರ ಒಂದು ಕೆಂಪು ಬೊಟ್ಟು. ಬೊಟ್ಟಿನ ನಡುವೆ ಚುಚ್ಚಿದ ಗುಂಡುಪಿನ್ನು. ಎರಡು ಹಣ್ಣಿಗೆ ಕಪ್ಪು ದಾರ ಬೇರೆ ಸುತ್ತಿತ್ತು. ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಈ ವಿಷಯದಲ್ಲಿ ಯಾವ ಪಾತ್ರವೂ ಇರಲಿಲ್ಲ. ಭಾನುವಾರ ಮಾಮನಿಗೆ ರಜೆ, ಅಷ್ಟೇ. ಆದರೆ ಪಂಚಾಂಗ ಯಾರ ಸಮಜಾಯಿಷಿಯನ್ನೂ ಕೇಳುವುದಿಲ್ಲ.

ಕಸದ ಗಾಡಿಯ ಮೇಸ್ತ್ರಿ ಕರಿಯಣ್ಣ ಪೊಟ್ಟಣ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. “ನೋಡ್ರಮ್ಮ, ಹೆಗ್ಗಣ ಸತ್ತಿದ್ರೆ ಎತ್ತೀನಿ, ಹಾವು ಸತ್ತಿದ್ರೆ ಎತ್ತೀನಿ. ಇದನ್ನ ಮಾತ್ರ ಇಟ್ಟೋರೇ ಬಂದು ಎತ್ಕೋಬೇಕು.”

ಎದುರು ಮನೆಯ ಜಲಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದರು. “ಅಯ್ಯೋ, ಪಿನ್ನು ಚುಚ್ಚಿದಾರಲ್ರೀ! ಮೂರು ದಿನದಿಂದ ಸೊಂಟ ಯಾಕೆ ಹಿಡ್ಕೊಂಡಿದೆ ಅಂತ ಇವತ್ತು ಗೊತ್ತಾಯ್ತು.” ಆಮೇಲೆ ಬೆರಳು ಮಡಚಿ ಎಣಿಸಿದರು. “ಹಣ್ಣು ಹನ್ನೊಂದು. ನಮ್ಮ ರಸ್ತೆಯಲ್ಲಿ ಮನೆ ಹನ್ನೆರಡು. ಅಂದ್ಮೇಲೆ ಒಂದು ಮನೆ ಬಿಟ್ಟಿದಾರೆ. ಯಾವ ಮನೆ ಬಿಟ್ಟಿದಾರೆ? ಅವರದ್ದೇ ಮನೆ!”

ಇಷ್ಟು ಕರಾರುವಾಕ್ಕಾದ ತರ್ಕವನ್ನು ನಾನು ಬಿ.ಎಡ್.ನಲ್ಲಿಯೂ ಓದಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮಾಮ ಹಾಲಿನ ಪ್ಯಾಕೆಟ್ ಹಿಡಿದು ಮೂಲೆ ತಿರುಗಿ ಬಂದ. ಜನ ನೋಡಿದ, ಪೊಟ್ಟಣ ನೋಡಿದ, ಪ್ಯಾಕೆಟ್ಟನ್ನು ಕೆಳಗೆ ಬಿಟ್ಟ. ಹಾಲು ರಸ್ತೆಯಗಲ ಹರಿಯಿತು.  ಯಾರಿಗೂ ಏನೂ ಕೇಳುವ ಅಗತ್ಯವೇ ಉಳಿದಿರಲಿಲ್ಲ.

ನಡೆದದ್ದು ಇಷ್ಟು. ಭದ್ರಾವತಿಯಲ್ಲಿ ಮಾಮ ಓದಿದ ಶಾಲೆಗೆ ಅರವತ್ತು ವರ್ಷ ತುಂಬುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಕಾರ್ಯಕ್ರಮಕ್ಕೆ ಎಂಬತ್ತಾರು ವರ್ಷದ ಸುಬ್ಬಪ್ಪ ಮೇಷ್ಟ್ರು ತಾವೇ ಕೂತು ಪತ್ರ ಬರೆದಿದ್ದರು: ‘ಉಮಾಮಹೇಶ್ವರನಿಗೆ ಆಶೀರ್ವಾದಗಳು. ನಿನ್ನದೊಂದು ಜಾದೂ ಬಾಕಿ ಇದೆ. ನಾನಿರುವಾಗಲೇ ಬಂದು ಮುಗಿಸು.’

ಬಾಕಿಯ ಕತೆ ನಮ್ಮ ಮನೆಯಲ್ಲಿ ಪ್ರಸಿದ್ಧ. ಏಳನೇ ಕ್ಲಾಸಿನಲ್ಲಿ ಮಾಮ ಶಾಲೆಯ ವೇದಿಕೆಯ ಮೇಲೆ ನಾಲ್ಕಾಣೆ ಮಾಯ ಮಾಡಬೇಕಿತ್ತು. ಪರದೆ ಸರಿಯಿತು, ಫ್ಯಾಕ್ಟರಿ ಕ್ವಾರ್ಟರ್ಸಿನ ಅಷ್ಟೂ ಜನ ಕಂಡರು, ಮಾಮ ಗಾಬರಿಯಲ್ಲಿ ನಾಣ್ಯವನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟ. ನಾಣ್ಯ ಮಾಯವಾಯಿತು, ನಿಜ. ಆದರೆ ಸುಬ್ಬಪ್ಪ ಮೇಷ್ಟ್ರು ಅವನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಅಜ್ಜಿ ಎರಡು ದಿನ ಬರೀ ಬಾಳೆಹಣ್ಣು ತಿನ್ನಿಸಿದಳು. ಆಮೇಲೆ ಮಾಮ ವೇದಿಕೆ ಇರಲಿ, ಮದುವೆಮನೆಯ ಫೋಟೋಕ್ಕೂ ನಿಲ್ಲುತ್ತಿರಲಿಲ್ಲ.

ಈ ಸಲ ಅವನು ಯೂಟ್ಯೂಬ್ ನೋಡಿ ಆರಿಸಿಕೊಂಡಿದ್ದು ನಿಂಬೆಹಣ್ಣಿನ ಜಾದೂ. ಸಭೆಯಲ್ಲಿ ಒಬ್ಬರ ಉಂಗುರ ಕೇಳಿ ಪಡೆಯುವುದು, ಕರವಸ್ತ್ರದಲ್ಲಿ ಸುತ್ತಿ ಮಾಯ ಮಾಡುವುದು, ಮೇಜಿನ ಮೇಲಿರುವ ನಿಂಬೆಹಣ್ಣನ್ನು ಕೊಯ್ದರೆ ಒಳಗೆ ಉಂಗುರ! ಹಣ್ಣಿನ ತೊಟ್ಟಿನ ಹತ್ತಿರ ಒಂದು ಸೀಳು ಇರುತ್ತದೆ. ಸೀಳು ಎಲ್ಲಿದೆ ಎಂದು ಮರೆಯದಿರಲು ಕೆಂಪು ಸ್ಕೆಚ್ ಪೆನ್ನಿನ ಬೊಟ್ಟು. ಬಾಯಿ ತೆರೆಯದಿರಲಿ ಎಂದು ಗುಂಡುಪಿನ್ನು. ಪಿನ್ನೂ ನಿಲ್ಲದ ಹಣ್ಣಿಗೆ ಕಪ್ಪು ದಾರ. ಅಭ್ಯಾಸಕ್ಕೆಂದು ಗಾಂಧಿ ಬಜಾರಿನಲ್ಲಿ ಒಂದು ಸ್ಟೀಲ್ ಉಂಗುರ ಕೊಂಡಿದ್ದ. ಮೂರನೇ ದಿನ ಅದು ಯಾವ ಹಣ್ಣಿನಲ್ಲಿದೆ ಎಂದು ಮರೆತುಹೋಯಿತು. ಮಾಮ ತನ್ನ ಜೀವನದಲ್ಲಿ ಯಾವ ತಂತ್ರವೂ ಇಲ್ಲದೆ ಮಾಯ ಮಾಡಿದ ಏಕೈಕ ವಸ್ತು ಅದು.

ಇದೆಲ್ಲ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ಹಾಳಾದ ಹಣ್ಣುಗಳನ್ನು ಬೆಳಗಿನ ವಾಕಿಂಗ್ ನೆಪದಲ್ಲಿ ಹೊರಗೆ ಸಾಗಿಸುತ್ತಿದ್ದ.

“ಇಷ್ಟೇನಾ?” ಅಮ್ಮ ತಲೆ ಚಚ್ಚಿಕೊಂಡಳು. “ಹೋಗಿ ಇದು ಮ್ಯಾಜಿಕ್ಕು ಅಂತ ಎಲ್ರಿಗೂ ಹೇಳೋ ಮಾರಾಯ!”

“ಹೇಳಿದ್ರೆ ತೋರ್ಸು ಅಂತಾರಲ್ಲಕ್ಕ.”

“ತೋರ್ಸು!”

ಮಾಮ ಚಾಪೆಯ ಅಂಚನ್ನು ಕೀಳುತ್ತ ಹೇಳಿದ, “ಮಾಟಗಾರ ಅಂದ್ಕೊಂಡ್ರೆ ಯಾರೂ ತೋರ್ಸು ಅನ್ನಲ್ಲ. ಅದೇ ವಾಸಿ.”

ಅಲ್ಲಿಂದ ಮುಂದೆ ನಮ್ಮ ಮನೆಗೆ ಹಿಂದೆಂದೂ ಕಾಣದ ಮರ್ಯಾದೆ ಶುರುವಾಯಿತು. ಕರಿಯಣ್ಣ ರಸ್ತೆಗೆ ಬಂದವನೇ ಮೊದಲು ನಮ್ಮ ಬಕೆಟ್ ಖಾಲಿ ಮಾಡಿ, ತೊಳೆದು, ಗೇಟಿನ ಒಳಗಿಟ್ಟು ಹೋಗುತ್ತಿದ್ದ. ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿದ್ದ ಕಾರು ಬೇರೆ ರಸ್ತೆಗೆ ವಲಸೆ ಹೋಯಿತು. ಜಲಜಮ್ಮ ನಾಲ್ಕು ವರ್ಷದ ಹಿಂದೆ ಒಯ್ದ ಇಡ್ಲಿ ಪಾತ್ರೆಯನ್ನು, ಜೊತೆಗೆ ನಮ್ಮದಲ್ಲದ ಒಂದು ಸೌಟನ್ನೂ ತಂದುಕೊಟ್ಟರು. ಹೋಗುವಾಗ ಮಾಮನ ಹತ್ತಿರ ದನಿ ತಗ್ಗಿಸಿ, “ನಮ್ಮ ಅಳಿಯಂದು ಟ್ರಾನ್ಸ್‌ಫರ್ ಒಂದು ಆಗ್ತಾ ಇಲ್ಲ ನೋಡಿ. ನಿಮಗೆ ಎಷ್ಟು ಹಣ್ಣು ಬೇಕು ಹೇಳಿ, ನಮ್ಮ ಗಿಡದಲ್ಲೇ ಬಿಟ್ಟಿದೆ” ಅಂದರು.

“ನಂಗೆ ಅದೆಲ್ಲ ಬರಲ್ಲ ಜಲಜಮ್ಮೋರೆ.”

“ಬರೋರೆಲ್ಲ ಹಂಗೇ ಅನ್ನೋದು ಬಿಡಿ.”

ಅಜ್ಜಿಗೆ ಇದು ಯಾವುದರಿಂದಲೂ ಬೇಸರವಾಗಲಿಲ್ಲ. ಅವಳ ಸಿಟ್ಟು ಬೇರೆ. ಮಾಮನ ಮಂಚದ ಕೆಳಗೆ ಇನ್ನೂ ಮೂವತ್ತು ಹಣ್ಣು ಸಿಕ್ಕವು. “ದುಡ್ಡು ಕೊಟ್ಟು ತಂದ ಹಣ್ಣನ್ನ ಕಂಬಕ್ಕೆ ಸುರಿದು ಬಂದಿದಾನಲ್ಲ, ಇವನ ಕೈಗಿಷ್ಟು!” ಎಂದು ಬೈಯುತ್ತಾ ಪಿನ್ನು ಕಿತ್ತು, ದಾರ ಬಿಚ್ಚಿ, ಪ್ರತಿ ಹಣ್ಣಿಗೂ ಎರಡೆರಡು ಸೀಳು ಹಾಕಿ ಉಪ್ಪು ತುಂಬಿ ಜಾಡಿಗೆ ಇಳಿಸಿದಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಉಪ್ಪಿನಕಾಯಿಯ ವಿಷಯದಲ್ಲಿ ಅವಳು ಕಣ್ಣನ್ನು ಯಾವತ್ತೂ ನಂಬಿದವಳಲ್ಲ.

ಕಾರ್ಯಕ್ರಮ ಹತ್ತಿರ ಬಂದಂತೆ ಮಾಮನ ಕೈ ನಡುಗತೊಡಗಿತು. ಅನ್ನಕ್ಕೆ ಸಾರು ಹಾಕಿಕೊಂಡರೆ ಮಜ್ಜಿಗೆಯ ಲೋಟದಲ್ಲೂ ಅಲೆ ಏಳುತ್ತಿತ್ತು. ನಾಲ್ಕು ದಿನ ಮೊದಲೇ ಶಾಲೆಗೆ ಪತ್ರ ಬರೆದ: ‘ಭಾನುವಾರ ನನಗೆ ಜ್ವರ ಬಂದಿರುವ ಕಾರಣ...’ ಅದನ್ನು ಹರಿದು ಹಾಕಿದ್ದು ಅಜ್ಜಿ. ಹರಿದವಳೇ ಕತೆ ಶುರುಮಾಡಿದಳು.

ನಮ್ಮಜ್ಜಿ ಕತೆ ಹೇಳಬೇಕಾದರೆ ಒಂದು ಕರಾರು ಉಂಟು. ಕೇಳುವವರು ಮಾತುಮಾತಿಗೂ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ರಾಜಕುಮಾರ ಹುಲಿಯ ಬಾಯಲ್ಲಿದ್ದರೂ ಅಲ್ಲೇ ಇರಬೇಕು. ನಾನು ನಿದ್ದೆಹೋಗಿ ಹೂಂ ಅನ್ನದ ರಾತ್ರಿಗಳಲ್ಲಿ ಎಷ್ಟು ರಾಜಕುಮಾರರು ಹಾಗೇ ಉಳಿದರೋ.

“ಒಬ್ಬ ಮಾಯಗಾರ ರಾಜನ ಸಭೆಗೆ ಬಂದ.”

“ಹೂಂ,” ಅಂದೆ ನಾನು.

“‘ಕಡಲನ್ನೇ ತೋರಿಸ್ತೀನಿ, ಒಂದು ಗುಟುಕು ನೀರು ಕೊಡಿ’ ಅಂದ. ಅಷ್ಟು ದೊಡ್ಡ ಸಭೆ, ಕೊಡೋರಿಲ್ಲ. ನನ್ನ ನೀರು ಹೋದ್ರೆ ಅಂತ ಇವನಿಗೆ, ನನ್ನ ಗಿಂಡಿ ಹೋದ್ರೆ ಅಂತ ಅವನಿಗೆ.”

“ಹೂಂ.”

“ಕಡೆಗೆ ಬಾಗಿಲಲ್ಲಿ ಹೂವು ಕಟ್ತಿದ್ದ ಮುದುಕಿ, ಹೂವಿಗೆ ಚಿಮುಕಿಸೋ ನೀರನ್ನೇ ಕೊಟ್ಲು. ಆ ಗಿಂಡಿಯಿಂದ ಕಡಲು ಉಕ್ಕಿ ಅರಮನೆ ಮೆಟ್ಟಿಲು ಹತ್ತಿತು.”

ಇದನ್ನು ಕೇಳಿದಾಗಲೆಲ್ಲ ನಾನು ಆ ಹೂವಿನ ಮುದುಕಿಯಾಗುತ್ತಿದ್ದೆ. ವಯಸ್ಸು ಮಾತ್ರ ಸ್ವಲ್ಪ ಇಳಿಸಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದು ಅಂದಳು, “ನಂಗೆ ಬಸ್ಸು ಹತ್ತೋಕಾಗಲ್ಲ. ನನ್ನ ಬದಲು ನೀನು ಹೂಂಗುಟ್ಟಿ ಬಾ.”

ಮಾಮ ನನ್ನನ್ನು ನೋಡಿದ. “ಯಾರೂ ಉಂಗುರ ಕೊಡದೇ ಇದ್ರೆ ಏನೇ ಮಾಡೋದು ಸಿರಿ?”

“ನಾನಿಲ್ವಾ ಮಾಮ? ನಾನೇ ಎದ್ದು ಬಂದು ಕೊಡ್ತೀನಿ.” ಬೆರಳಲ್ಲಿದ್ದ ಅಜ್ಜಿಯ ಕೆಂಪು ಹರಳಿನ ಉಂಗುರ ತಿರುಗಿಸಿ ತೋರಿಸಿದೆ.

“ಆಣೆ?”

“ಆಣೆ.”

ಅವತ್ತಿನಿಂದ ಮಾಮನ ಲೋಟದಲ್ಲಿ ಅಲೆ ನಿಂತಿತು. ಇದು ಉತ್ಪ್ರೇಕ್ಷೆಯಲ್ಲ.

ಈಗ ಹೇಳಲೇಬೇಕಾದ ಇನ್ನೊಂದು ಸಂಗತಿ. ಜಲಜಮ್ಮ ನನಗೊಂದು ಸಂಬಂಧ ತಂದಿದ್ದರು. ಭದ್ರಾವತಿಯ ಸುವರ್ಣಮ್ಮನವರ ಮಗ ದುಷ್ಯಂತ್. ಸುವರ್ಣಮ್ಮನೂ ಅದೇ ಶಾಲೆಯಲ್ಲಿ ಓದಿದವರು, ಕಾರ್ಯಕ್ರಮಕ್ಕೆ ಬರುವವರಿದ್ದರು. ಮನೆಗೆ ಬಂದು ಶಾಸ್ತ್ರದ ಪ್ರಕಾರ ನೋಡುವ ಮೊದಲು ಸುಮ್ಮನೆ ಪಕ್ಕದಲ್ಲಿ ಕೂತು ಹುಡುಗಿಯನ್ನು ಮಾತಾಡಿಸುತ್ತಾರಂತೆ. ಫೋಟೋದಲ್ಲಿ ದುಷ್ಯಂತ್ ಸಕ್ರೆಬೈಲಿನ ಶಿಬಿರದ ಆನೆಯೊಂದರ ಪಕ್ಕ ನಿಂತಿದ್ದ. ನನ್ನ ಲೆಕ್ಕದಲ್ಲಿ ಆನೆ ಇದ್ದವನು ಅರ್ಧ ರಾಜಕುಮಾರ.

ಅಮ್ಮ ನನ್ನ ಜಡೆಗೆ ಹೂವು ಮುಡಿಸುತ್ತ ಹೇಳಿಕಳಿಸಿದಳು, “ನಿಂಬೆಹಣ್ಣಿನ ವಿಷಯ ಅವರ ಕಿವಿಗೆ ಬಿದ್ದಿದೆಯೋ ಇಲ್ವೋ ಗೊತ್ತಿಲ್ಲ. ನೀನು ಜಾಸ್ತಿ ಮಾಮ ಮಾಮ ಅನ್ಬೇಡ.”

ಬಿದ್ದಿತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಜಲಜಮ್ಮನ ಫೋನು ಅಷ್ಟು ತೆಗೆದುಕೊಳ್ಳುವುದಿಲ್ಲ. ಶಾಲೆಯ ಸಭಾಂಗಣದಲ್ಲಿ ನಾವು ಕೂತಾಗ ಹಿಂದಿನ ಸಾಲಿನಲ್ಲೇ ಗುಸುಗುಸು ನಡೆದಿತ್ತು. “ಇವ್ರೇನಾ ಹನ್ನೊಂದು ಹಣ್ಣಿನೋರು?” “ಹನ್ನೊಂದಲ್ಲ ಕಣ್ರೀ, ನೂರಾ ಹನ್ನೊಂದಂತೆ.” ನನ್ನ ಎಡಕ್ಕೆ ಜಲಜಮ್ಮ, ಬಲಕ್ಕೆ ಸುವರ್ಣಮ್ಮ. ಸುವರ್ಣಮ್ಮ ನಗುಮುಖದ ಹೆಂಗಸು. ಚೀಲದಿಂದ ಚಕ್ಕುಲಿ ತೆಗೆದುಕೊಟ್ಟರು.

ಪರದೆ ಸರಿಯಿತು. ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು ಮಾಮ ನಿಂತಿದ್ದ.

“ನಿಮ್ಮ ಕಡೆಯೋರಾ ಇವ್ರು?” ಸುವರ್ಣಮ್ಮ ಕೇಳಿದರು.

“ಹಾಂ... ದೂರದ ಸಂಬಂಧ,” ಅಂದೆ.

ನಾನು ಹುಟ್ಟಿದಾಗಿನಿಂದ ನನ್ನ ಪಕ್ಕದ ಕೋಣೆಯಲ್ಲಿ ಮಲಗುವ ಮನುಷ್ಯ. ಗೋಡೆ ದಪ್ಪವಿದೆ ಎಂದು ಬೇಕಾದರೆ ವಾದಿಸಬಹುದು.

ಮಾಮ ಹಗ್ಗ ಕತ್ತರಿಸಿ ಕೂಡಿಸಿದ. ಬಿಳಿ ಕರವಸ್ತ್ರವನ್ನು ಮುಷ್ಟಿಯಲ್ಲಿ ತುಂಬಿ ಹಸಿರು ಮಾಡಿ ತೆಗೆದ. ಕೈ ನಡುಗಲಿಲ್ಲ. ದನಿಯೂ ನಡುಗಲಿಲ್ಲ. ಮುಂದಿನ ಸಾಲಿನ ಸೋಫಾದಲ್ಲಿ ಸುಬ್ಬಪ್ಪ ಮೇಷ್ಟ್ರು ಊರುಗೋಲಿನಿಂದ ನೆಲ ಕುಟ್ಟಿ, “ಭೇಷ್!” ಅಂದರು. ಮೂವತ್ತೈದು ವರ್ಷದ ಅಂಜಿಕೆ ಮಾಮನಿಂದ ಇಳಿದಿತ್ತು. ಆದರೆ ಇಳಿದ ಅಂಜಿಕೆ ಎಲ್ಲಿಗಾದರೂ ಹೋಗಬೇಕಲ್ಲ. ಅವನು ಮೇಜಿನ ಮೇಲೆ ನಿಂಬೆಹಣ್ಣನ್ನು ಇಟ್ಟ ಕ್ಷಣ, ಅದು ಸಭೆಯನ್ನು ಹತ್ತಿತು.

“ಈಗ ಯಾರಾದ್ರೂ ದಯವಿಟ್ಟು ಒಂದು ಉಂಗುರ ಕೊಡ್ತೀರಾ? ಹಣ್ಣಿನೊಳಗಿಂದ ತೆಗೆದು, ಇದೇ ತಾನೇ ನಿಮ್ಮ ಉಂಗುರ ಅಂತ ಕೇಳಿ, ವಾಪಸ್ ಕೊಡ್ತೀನಿ.”

 ಎರಡನೇ ಸಾಲಿನ ದಪ್ಪನೆಯ ಮನುಷ್ಯರೊಬ್ಬರು ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಹೆಂಗಸರ ಸಾಲಿನಲ್ಲಿ ಸೆರಗುಗಳು ಮುಂದೆ ಬಂದವು. ಕ್ವಾರ್ಟರ್ಸಿನ ಒಬ್ಬ ತಮಿಳು ಅಜ್ಜಿ, “ವೇಂಡಾಪ್ಪಾ, ವೇಂಡಾ” ಎಂದು ತಲೆಯಾಡಿಸುತ್ತ ಮೂಗುತಿಯನ್ನೇ ಮುಚ್ಚಿಕೊಂಡರು. ಕಾರ್ಯಕ್ರಮ ನಡೆಸುತ್ತಿದ್ದವರು ಮೈಕಿನಲ್ಲಿ ನಗುತ್ತ, “ನಾನು ಇವತ್ತು ಉಂಗುರ ಹಾಕಿಲ್ಲ ಸಾರ್” ಅಂದರು. ಬೆಳಿಗ್ಗೆಯಿಂದ ಅವರ ಬೆರಳಲ್ಲಿ ಮೂರು ಮಿಂಚುತ್ತಿದ್ದವು.

ಆಗ ಮಾಮ ನನ್ನ ಕಡೆ ನೋಡಿದ.

ನೋಡಿದ್ದು ಗಾಬರಿಯಿಂದಲ್ಲ. ಬಸ್ಸಿನಲ್ಲಿ ಸೀಟು ಹಿಡಿದಿಟ್ಟವರನ್ನು ನೋಡುವ ಹಾಗೆ, ನಿರಾಳವಾಗಿ.

ಜಲಜಮ್ಮ ನನ್ನ ಮೊಣಕೈ ತಿವಿದರು. “ಸುಮ್ನೆ ಕೂತ್ಕೋ ಮಾರಾಯ್ತಿ. ಅವ್ರು ನೋಡ್ತಾ ಇದಾರೆ.” ನಾನು ಉಂಗುರದ ಹರಳನ್ನು ಅಂಗೈ ಕಡೆಗೆ ತಿರುಗಿಸಿಕೊಂಡೆ. ಮುಷ್ಟಿ ಕಟ್ಟಿದೆ. ಮುಷ್ಟಿಯನ್ನು ಸೀರೆಯ ಮಡಿಕೆಯೊಳಗೆ ಇಟ್ಟೆ. ಆಮೇಲೆ ತಲೆ ಬಗ್ಗಿಸಿ, ಚಕ್ಕುಲಿಯಲ್ಲಿ ಎಷ್ಟು ಸುತ್ತು ಇದೆ ಎಂದು ಎಣಿಸಿದೆ. ನಾಲ್ಕು.

ಸುಬ್ಬಪ್ಪ ಮೇಷ್ಟ್ರು ಎದ್ದರು. “ಏ, ನಂದು ತಗೊಳ್ಳೋ!” ಎಂದು ತಮ್ಮ ಉಂಗುರ ಎಳೆದರು. ಅದು ಅವರ ಮದುವೆಯ ಕಾಲದ್ದು. ಬೆರಳು ಆಮೇಲೆ ಊದಿತ್ತು. ಇಬ್ಬರು ಹಳೆಯ ವಿದ್ಯಾರ್ಥಿಗಳು ಸೇರಿ ಎಳೆದರು. ಒಬ್ಬರು ಸೋಪು ತರಲು ಓಡಿದರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಅಂದರು. ಮೇಷ್ಟ್ರ ಮುಖ ಕೆಂಪಾಯಿತು, ಉಂಗುರ ಗೆಣ್ಣು ದಾಟಲಿಲ್ಲ.

“ಬೇಡಿ ಸಾರ್, ನೋವಾಗುತ್ತೆ.” ಮಾಮ ವೇದಿಕೆಯ ಅಂಚಿಗೆ ಬಂದ. ಇನ್ನೊಮ್ಮೆ ನನ್ನ ಕಡೆ ನೋಡಲಿಲ್ಲ. ಹಣ್ಣನ್ನು ಎತ್ತಿ ಎರಡು ಹೋಳು ಮಾಡಿದ. “ಈಗ ನೋಡಿ, ಮಹಾಜನಗಳೇ. ನಿಂಬೆಹಣ್ಣಿನೊಳಗೆ ಏನಿದೆ?” ಸಭೆ ಉಸಿರು ಹಿಡಿಯಿತು. “ನಿಂಬೆಹಣ್ಣಿದೆ!”

ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಅದನ್ನು ಹಿಂಡಿದ. ಇಳಿದುಬಂದು ಲೋಟವನ್ನು ಮೇಷ್ಟ್ರ ಕೈಗೆ ಕೊಟ್ಟ. “ಕುಡೀರಿ ಸಾರ್, ಸುಸ್ತಾಗಿದೆ ನಿಮಗೆ.”

ಯಾರೋ, “ಅಯ್ಯೋ, ಬೇಡ!” ಅಂದರು. ಮೇಷ್ಟ್ರು ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದರು. ಕಣ್ಣು ಮುಚ್ಚಿದರು. ಹುಬ್ಬು ಮೇಲೆ ಹೋಯಿತು. ಇಡೀ ಸಭಾಂಗಣ ಸೀಟಿನ ತುದಿಗೆ ಬಂತು.

“ಲೋ ಉಮಾಮಹೇಶ್ವರ,” ಮೇಷ್ಟ್ರು ಕಣ್ಣು ತೆರೆದರು, “ಸಕ್ಕರೆ ಹಾಕೋದೇ ಮರ್ತಿದೀಯಲ್ಲೋ!”

ಆ ನಗು ಹತ್ತು ನಿಮಿಷ ನಿಲ್ಲಲಿಲ್ಲ. ಮೂರು ವಾರದ ಮಾಟ, ಹನ್ನೊಂದು ಮನೆಯ ಸೊಂಟನೋವು, ಎಲ್ಲ ಆ ಅರ್ಧ ಲೋಟದಲ್ಲಿ ಕರಗಿಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಮ ಎರಡೂ ಕೈ ಜೋಡಿಸಿ ಬಗ್ಗಿದ. ಜಾದೂ ಮಾತ್ರ ಆಗಲಿಲ್ಲ. ಅದು ಯಾರಿಂದ ಎಂದು ಗೊತ್ತಿದ್ದವರು ಅಲ್ಲಿ ಇಬ್ಬರೇ ಎಂದು ನಾನು ಅಂದುಕೊಂಡಿದ್ದೆ.

ಹೊರಗೆ ಚಪ್ಪಲಿ ಹುಡುಕುವಾಗ ಸುವರ್ಣಮ್ಮ ಹತ್ತಿರ ಬಂದರು. ನಕ್ಕು ನಕ್ಕು ಕಣ್ಣಲ್ಲಿ ನೀರಿತ್ತು. “ನಂಗೆ ಚಿಕ್ಕಂದಿನಿಂದ ಮ್ಯಾಜಿಕ್ ಅಂದ್ರೆ ಪ್ರಾಣ ಕಣಮ್ಮ. ಅವ್ರು ಕೇಳಿದ ತಕ್ಷಣ ನಾನು ಅರ್ಧ ಉಂಗುರ ಬಿಚ್ಚಿದ್ದೆ, ಗೊತ್ತಾ? ಆಮೇಲೆ ನಿನ್ನ ನೋಡ್ದೆ. ಸ್ವಂತ ಅಕ್ಕನ ಮಗಳು ಅಂತ ಜಲಜ ಮೊದಲೇ ಹೇಳಿದ್ಲು. ನೀನೇ ಕೈ ಬಚ್ಚಿಟ್ಕೊಂಡೆ. ಮನೆಯೋರಿಗೆ ಗೊತ್ತಿಲ್ದೇ ಇರುತ್ತಾ ಅಂತ ನಾನೂ ಹಿಂದಕ್ಕೆ ಹಾಕ್ಕೊಂಡೆ.” ಆಮೇಲೆ ಮೆಲ್ಲಗೆ ಸೇರಿಸಿದರು, “ನಮ್ಮ ಸಾಲಿನೋರೆಲ್ಲ ನಿನ್ನೇ ನೋಡ್ತಿದ್ರು.”

ಮರಳುವ ಬಸ್ಸಿನಲ್ಲಿ ಮಾಮ ಕಿಟಕಿಯ ಸೀಟನ್ನು ನನಗೇ ಕೊಟ್ಟ. ಒಂದು ಪೊಟ್ಟಣ ಕಡಲೆಕಾಯಿ ತೆಗೆದುಕೊಂಡು ಅರ್ಧ ನನ್ನ ಸೆರಗಿಗೆ ಸುರಿದ. “ಜನ ಎಷ್ಟು ನಕ್ರಲ್ಲ ಸಿರಿ! ಮೇಷ್ಟ್ರಿಗೂ ಖುಷಿಯಾಯ್ತು.” ಅಷ್ಟೇ. ಬೈದಿದ್ದರೆ ಸಮಜಾಯಿಷಿ ಹೇಳಲು ಮೂರು ಕಾರಣ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವು ಇವತ್ತಿಗೂ ನನ್ನ ಹತ್ತಿರ ಹಾಗೇ ಇವೆ.

ಮನೆಯಲ್ಲಿ ಅಜ್ಜಿ ಬಾಗಿಲಿಗೇ ಬಂದು ಕೇಳಿದಳು, “ಹೂಂಗುಟ್ಟಿದೆಯೇನೇ?” ನಾನು ಕೈಗೆ ಸೋಪು ಹಚ್ಚುವ ನೆಪ ಮಾಡಿ ಬಚ್ಚಲಿಗೆ ಹೋದೆ.

ಸಂಬಂಧ ಜಾತಕ ಕೂಡದೆ ತಾನಾಗಿಯೇ ಬಿದ್ದುಹೋಯಿತು. ದುಷ್ಯಂತ್ ಪಕ್ಕದಲ್ಲಿದ್ದ ಆನೆ ಅವನದ್ದಲ್ಲ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಕರಿಯಣ್ಣ ನಮ್ಮ ಬಕೆಟ್ ತೊಳೆಯುವುದನ್ನು ನಿಲ್ಲಿಸಿದ. ಕಾರು ಗೇಟಿನ ಮುಂದಕ್ಕೆ ಮರಳಿ ಬಂತು. ಮಾಮ ಬಿಳಿ ಕೋಟನ್ನು ಲ್ಯಾಬಿಗೆ ವಾಪಸ್ ಕೊಟ್ಟ. ಒಂದು ದಿನ ನಾನು ಕೆಂಪು ಹರಳಿನ ಉಂಗುರ ಬಿಚ್ಚಿ ಅವನ ಮುಂದೆ ಇಟ್ಟು, “ಮಾಮ, ಒಂದ್ಸಲ ಮಾಡಿ ತೋರ್ಸು” ಅಂದೆ. “ಹಾಕ್ಕೊಳೇ, ಕಳೆದುಹೋಗುತ್ತೆ,” ಎಂದು ಪೇಪರ್ ಓದುವುದನ್ನು ಮುಂದುವರಿಸಿದ.

ಮೂರು ವಾರ ಕಳೆದ ಮೇಲೆ ಅಜ್ಜಿಯ ಉಪ್ಪಿನಕಾಯಿ ಕಳಿಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ನನ್ನ ತಟ್ಟೆಗೆ ಬಂದ ಹಣ್ಣನ್ನು ಕಚ್ಚಿದೆ. ಹಲ್ಲಿಗೆ ಏನೋ ಕಟ್ಟೆಂದಿತು. ತೆಗೆದು ನೋಡಿದರೆ ಗಾಂಧಿ ಬಜಾರಿನ ಸ್ಟೀಲ್ ಉಂಗುರ. ಖಾರದ ಪುಡಿ ಮೆತ್ತಿಕೊಂಡು, ಉಪ್ಪುನೀರು ತೊಟ್ಟಿಕ್ಕುತ್ತ, ನನ್ನ ಬೆರಳ ತುದಿಯಲ್ಲಿ ಕೂತಿತ್ತು.

ಅಮ್ಮ ಬಾಯಿ ತೆರೆದಳು. ಅಜ್ಜಿ, “ಏನದು? ಕಲ್ಲಾ?” ಅಂದಳು.

ಮಾಮ ತುತ್ತು ಕೈಯಲ್ಲೇ ಹಿಡಿದು ಉಂಗುರವನ್ನು ನೋಡಿದ.  ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯ ವೇದಿಕೆಯ ಮೇಲೆ ಹೇಳಲು ಕಲಿತು ಹೇಳದೇ ಉಳಿದ ದನಿಯಲ್ಲಿ, ನಿಧಾನವಾಗಿ ಕೇಳಿದ:

“ಇದೇ ತಾನೇ ನಿಮ್ಮ ಉಂಗುರ?”

ಬಾಯಿ ತುಂಬ ಖಾರ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಎಲ್ಲರೂ ನಂಬಿದರು.

“ಹೂಂ,” ಅಂದೆ.